ದ್ವಿತೀಯ ಪಿಯುಸಿಯವರಿಗೆ ವಾರಕ್ಕೊಂದು ದಿನ ಕೆಲಸದ ಪಾಠ: ಬೇಕೇ, ಬೇಡವೇ?

ದ್ವಿತೀಯ ಪಿಯುಸಿ ವಿದ್ಯಾರ್ಥಿಗಳನ್ನು ವಾರಕ್ಕೆ ಒಂದು ದಿನ ಕಾರ್ಖಾನೆ, ಬ್ಯಾಂಕು, ಮಂಡಿಯಂತಹ ಕೆಲಸದ ಸ್ಥಳಗಳಿಗೆ ಕಳುಹಿಸಿ, ಅದನ್ನು ಪಠ್ಯದ ಭಾಗವನ್ನಾಗಿಯೇ ಮಾಡಬೇಕೇ ಎಂಬ ಚರ್ಚೆ ಕೋಲಾರದ ನಮ್ಮ ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲಿ ಆಗಾಗ ಏಳುತ್ತದೆ. ವಾಣಿಜ್ಯ ಉಪನ್ಯಾಸಕನಾಗಿ ನಾನು ಎರಡೂ ಪಕ್ಷ ವಹಿಸಿ ವಾದಿಸಿದ್ದೇನೆ. ಎರಡನ್ನೂ ಇಲ್ಲಿ ಬರೆದಿದ್ದೇನೆ. ಒಲವು ಎತ್ತ ಎಂಬುದನ್ನು ಮುಚ್ಚಿಡುವ ಉದ್ದೇಶವಿಲ್ಲ.

ಪರ

ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳಿಗೆ ಬೆಳಗಿನ ಪಾಳಿಯವರನ್ನು ತುಂಬಿಕೊಂಡು ಹೋಗುವ ಕಂಪನಿ ಬಸ್ಸುಗಳ ಕಿಟಕಿಗಳಲ್ಲಿ ನನಗೆ ಹಿಂದಿನ ವರ್ಷದ ಹಾಜರಿ ಪುಸ್ತಕವೇ ಕಾಣುತ್ತದೆ. ಪರೀಕ್ಷೆ ಮುಗಿದ ಕೂಡಲೇ, ಹದಿನೆಂಟು ತುಂಬಿದವರಲ್ಲಿ ಹಲವರು ಫಲಿತಾಂಶಕ್ಕೂ ಕಾಯದೆ ಗುತ್ತಿಗೆದಾರರ ಮೂಲಕ ಕೆಲಸಕ್ಕೆ ಸೇರಿಬಿಡುತ್ತಾರೆ. ಪದವಿಗೆ ಹೋಗುವವರನ್ನು ಲೆಕ್ಕದಲ್ಲಿಟ್ಟುಕೊಂಡು ಬರೆದ ಪಠ್ಯವನ್ನು ಓದಿದ ಈ ಮಕ್ಕಳಿಗೆ, ತಾವು ಸಹಿ ಹಾಕುತ್ತಿರುವ ಇಂಗ್ಲಿಷ್ ಅರ್ಜಿಯಲ್ಲಿ ಏನಿದೆ ಎಂಬುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಹಳೆಯ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ತನ್ನ ಸಂಬಳದ ಚೀಟಿಯನ್ನು ಮೊಬೈಲಿನಲ್ಲಿ ತೋರಿಸಿ, "ಹದಿನಾರು ಸಾವಿರ ಅಂತ ಹೇಳಿ ಹದಿನಾಲ್ಕು ಸಾವಿರದ ನಾನೂರ ನಲವತ್ತು ಹಾಕವ್ರೆ, ಇದು ಮೋಸ ಅಲ್ವಾ ಸಾರ್?" ಎಂದು ಕೇಳಿದಳು. ಮೋಸವೇನೂ ಆಗಿರಲಿಲ್ಲ. ಮೂಲ ವೇತನವಾದ 12,000 ರೂಪಾಯಿಯ ಮೇಲೆ ಶೇಕಡಾ 12ರಂತೆ 1,440 ರೂಪಾಯಿ ಭವಿಷ್ಯ ನಿಧಿಗೂ (ಪಿಎಫ್), ಒಟ್ಟು ವೇತನದ ಮೇಲೆ ಶೇಕಡಾ 0.75ರಂತೆ 120 ರೂಪಾಯಿ ನೌಕರರ ವಿಮೆಯಾದ ಇಎಸ್‌ಐಗೂ ಹೋಗಿತ್ತು. ನನ್ನ ತರಗತಿಯಲ್ಲಿ ನಿವೃತ್ತ ಪಾಲುದಾರನಿಗೆ ಸಲ್ಲಬೇಕಾದ ಗುಡ್‌ವಿಲ್‌ನ ಪಾಲನ್ನು ಒಂದು ಪೈಸೆಯೂ ತಪ್ಪದಂತೆ ಲೆಕ್ಕ ಹಾಕಿದ್ದ ಹುಡುಗಿ ಅವಳು. ಅಂಥವಳಿಗೂ ತನ್ನದೇ ಚೀಟಿ ಓದಲು ಬರಲಿಲ್ಲವೆಂದರೆ ಆ ಕೊರತೆ ನನ್ನ ಪಾಠದ್ದು. ಆ 120 ರೂಪಾಯಿಯ ಬಲದಿಂದ, ತನ್ನನ್ನೇ ನೆಚ್ಚಿಕೊಂಡಿರುವ ತಾಯಿಗೂ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ.

ಇನ್ನೊಂದು ತೊಡಕು ಹೆಸರಿನದು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಧಾರ್‌ನಲ್ಲಿ ಹಿಂದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇಲ್ಲವೇ ಇಲ್ಲ. ಗುತ್ತಿಗೆದಾರ ಬದಲಾದಾಗ ಭವಿಷ್ಯ ನಿಧಿಯ ಹಳೆಯ ಯುಎಎನ್ ಸಂಖ್ಯೆಯನ್ನೇ ಕೊಡಬೇಕೆಂದು ತಿಳಿಯದೆ ಎರಡೆರಡು ಖಾತೆ ಮಾಡಿಸಿಕೊಂಡವರು, ಈ ಹೆಸರಿನ ವ್ಯತ್ಯಾಸದಿಂದಾಗಿ ತಮ್ಮದೇ ಹಣವನ್ನು ಬಿಡಿಸಿಕೊಳ್ಳಲಾಗದೆ ಸೈಬರ್ ಅಂಗಡಿಗಳಿಗೆ ಅಲೆಯುತ್ತಾರೆ. ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ನಾಲ್ಕು ದಿನ ಕುಳಿತು ಹೊಸಬರ ಕಡತಗಳನ್ನು ನೋಡಿದ ವಿದ್ಯಾರ್ಥಿ ಇಂತಹ ತಪ್ಪು ಮಾಡಲಾರ.

ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಕೆಜಿಎಫ್‌ನ ಹುಡುಗ ಪಾಳಿ ಎಂದರೇನು, ಸಂಘ ಎಂದರೇನು ಎಂಬುದನ್ನು ಅಪ್ಪನ ಬಾಯಿಂದಲೇ ಕೇಳಿ ಬೆಳೆಯುತ್ತಿದ್ದ. 2001ರಲ್ಲಿ ಗಣಿ ಮುಚ್ಚಿತು. ಇಂದು ನರಸಾಪುರದ ಬಸ್ಸು ಹತ್ತುವ ಹುಡುಗಿಯ ಮನೆಯಲ್ಲಿ ಓಟಿ (ಹೆಚ್ಚುವರಿ ಅವಧಿಯ ಕೆಲಸ), ನೋಟಿಸ್ ಅವಧಿ ಮುಂತಾದ ಮಾತುಗಳನ್ನು ಬಲ್ಲ ಹಿರಿಯರು ಅಪರೂಪ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೇ ತರಗತಿಯವರಿಗೆ ಬ್ಯಾಗಿಲ್ಲದ 10 ದಿನಗಳನ್ನಿಟ್ಟು, ಆಗ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎನ್ನುತ್ತದೆ. ನಾಳೆಯೇ ದುಡಿಯಲು ಹೊರಟವರಿಗೆ ಅದಕ್ಕಿಂತ ಹೆಚ್ಚು ದಿನ ಬೇಡವೇ?

ವಿರೋಧ

ಕೆಲಸವೆಂದರೇನೆಂದು ನೋಡಿ ಬರಲು ಮಕ್ಕಳನ್ನು ಕಳುಹಿಸಬೇಕು ಎನ್ನುವವರು ಆ ಮಕ್ಕಳ ಮನೆಯನ್ನು ನೋಡಿದವರಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತ) ಎದ್ದ ಮೇಲೆ ಸುಮಾರು ಒಂದು ವಾರ ಎಷ್ಟು ಸೊಪ್ಪು ಹಾಕಿದರೂ ಸಾಲದು. ರಾತ್ರಿ ಸೊಪ್ಪು ಹಾಕಿ ಮಲಗಿದವರು ನಸುಕಿನಲ್ಲಿ ಮತ್ತೆ ಎದ್ದು ತೋಟಕ್ಕೆ ಹೋಗಬೇಕು. ಹುಳು ಹಣ್ಣಾದ ದಿನವಂತೂ ಒಂದೊಂದಾಗಿ ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡಲು ಮನೆಮಂದಿಯೆಲ್ಲ ಬೇಕು. ಆ ದಿನ ಯಾವ ಊರಿನವರು ಗೈರುಹಾಜರಾದರು ಎಂಬುದರಿಂದಲೇ ಯಾವ ಊರಿನಲ್ಲಿ ಗೂಡು ಕಟ್ಟುತ್ತಿದೆ ಎಂದು ನಾನು ಹೇಳಬಲ್ಲೆ. ಇಂತಹ ಮಕ್ಕಳಿಗೆ ಕಾಲೇಜಿನಿಂದ ದೊರೆಯಬೇಕಾದದ್ದು ಕೆಲಸದಿಂದ ಬಿಡುವು. ಅವರ ಕೈಯಲ್ಲಿರುವ ವಾರದ ಆರು ದಿನಗಳಲ್ಲಿ ಒಂದನ್ನು ಕಿತ್ತು, ಅದನ್ನೂ ಕೆಲಸಕ್ಕೇ ಕೊಡುವುದು ನ್ಯಾಯವಲ್ಲ. ಆಗಿನ ಕೋಲಾರ ಜಿಲ್ಲೆಗೆ ಸೇರಿದ್ದ ಹೊಸೂರಿನಿಂದ ನಡೆದುಕೊಂಡೇ ಬೆಂಗಳೂರಿಗೆ ಓದಲು ಹೋದ ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರನ್ನು ನೆನೆಯುವ ಜಿಲ್ಲೆಯಲ್ಲಿ, ಓದು ಎಂದರೆ ಹೊಲದಾಚೆಗಿನ ಲೋಕ ಎಂಬ ಆಸೆ ಇನ್ನೂ ಬತ್ತಿಲ್ಲ.

ಯೋಜನೆಯಾದರೂ ಹೊಸತೇ? 1964-66ರ ಕೊಠಾರಿ ಆಯೋಗವೇ ಕಾರ್ಯಾನುಭವ ಶಿಕ್ಷಣದ ಅಂಗವಾಗಬೇಕೆಂದು ಹೇಳಿತ್ತು. ನಾನು ಓದಿದ ಶಾಲೆಯಲ್ಲಿ ಆ ಹೆಸರಿನಲ್ಲಿ ವರ್ಷಕ್ಕೊಮ್ಮೆ ಮೇಣದ ಬತ್ತಿ ಮಾಡಿಸಿ, ಅಂಕಪಟ್ಟಿಯಲ್ಲಿ ಎಲ್ಲರಿಗೂ ಒಂದೇ ಶ್ರೇಣಿ ಬರೆದರು. (ಬತ್ತಿ ಉರಿಯಲೂ ಇಲ್ಲ.) ವಾರಕ್ಕೊಂದು ದಿನದ ಅನುಭವವೂ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ದಿನವಾಗುವುದಕ್ಕೆ ಬಹಳ ಕಾಲ ಬೇಕಾಗಿಲ್ಲ.

ಕಾನೂನಿನ ಮಾತೂ ಇದೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ ಹದಿನಾಲ್ಕರಿಂದ ಹದಿನೆಂಟರವರೆಗಿನವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ, ಮತ್ತು ನಮ್ಮ ದ್ವಿತೀಯ ಪಿಯುಸಿಯವರಲ್ಲಿ ಬಹುಪಾಲು ಹದಿನೇಳರವರು. ಆದ್ದರಿಂದ ದೊಡ್ಡ ಕಾರ್ಖಾನೆ ಅವರನ್ನು ಯಂತ್ರದ ಹತ್ತಿರ ಬಿಡದೆ ಗಾಜಿನಾಚೆ ನಿಲ್ಲಿಸಿ ಕಳುಹಿಸುತ್ತದೆ. ಚಿಕ್ಕ ಅಂಗಡಿ ಪುಕ್ಕಟೆ ಆಳು ಸಿಕ್ಕಿತೆಂದು ಗೋದಾಮು ಗುಡಿಸಲು ಹಚ್ಚುತ್ತದೆ. ಕಲಿಯುತ್ತ ದುಡಿಯುವವರಿಗಾಗಿ 1961ರ ಅಪ್ರೆಂಟಿಸ್ ಕಾಯ್ದೆ ಇದೆ, ಅದರಲ್ಲಿ ಭತ್ಯೆಯೂ ಇದೆ. ಈ ಯೋಜನೆಯ ಮಾತಾಡುವವರ ಬಾಯಲ್ಲಿ ಭತ್ಯೆಯ ಪ್ರಸ್ತಾಪವನ್ನು ನಾನು ಕೇಳಿಲ್ಲ. ಸಂಜೆ ತಡವಾಗಿ ಊರಿನ ಬಸ್ಸು ತಪ್ಪಿದ ಮೊದಲ ವಾರವೇ ಹೆಣ್ಣುಮಕ್ಕಳ ಮನೆಯವರು ಏನು ಹೇಳುತ್ತಾರೆಂಬುದನ್ನು ಬಿಡಿಸಿ ಬರೆಯಬೇಕಾಗಿಲ್ಲ.

ಸಂಬಳದ ಚೀಟಿಯ ವಾದವನ್ನು ಮಾತ್ರ ನಾನು ತಳ್ಳಿಹಾಕಲಾರೆ. ಆದರೆ ಅದಕ್ಕೆ ಬೇಕಾದದ್ದು ಒಂದೆರಡು ಪೀರಿಯಡ್, ವರ್ಷದ ಮೂವತ್ತು ದಿನವಲ್ಲ. ಟೊಮೆಟೊ ಕಾಲದಲ್ಲಿ ಅಪ್ಪನೊಂದಿಗೆ ಎಪಿಎಂಸಿಗೆ ಹೋಗಿ, ಹರಾಜು ಮುಗಿಸಿಕೊಂಡು ತರಗತಿಗೆ ಬರುವ ಹುಡುಗನೊಬ್ಬನಿದ್ದಾನೆ. ಹದಿನೈದು ಕೆಜಿಯ ಬಾಕ್ಸು ಎಷ್ಟು, ಕಮಿಷನ್ ಎಷ್ಟು, ಹಮಾಲಿ ಎಷ್ಟು, ಗಾಡಿ ಬಾಡಿಗೆ ಎಷ್ಟು ಎಂದು ಮಂಡಿಯ ಪಟ್ಟಿಯನ್ನು ನೋಡುತ್ತಲೇ ಹೇಳಬಲ್ಲವನು. ಮಂಡಿಯವರು ಬಾಕ್ಸಿನ ಲೆಕ್ಕದಲ್ಲಿ ಒಂದು ಕಡಿಮೆ ಬರೆದರೂ ಹಿಡಿಯುತ್ತಾನೆ. ಒಂದು ದಿನ ಅವನ ಪಟ್ಟಿಯ ಪಕ್ಕದಲ್ಲಿ ಆ ಹುಡುಗಿಯ ಸಂಬಳದ ಚೀಟಿಯನ್ನು ಹೆಸರು ಅಳಿಸಿ ಇಟ್ಟೆ. ಸ್ವಲ್ಪ ಹೊತ್ತು ಎರಡನ್ನೂ ನೋಡಿದವನು, "ಪಿಎಫ್ ಅನ್ನೋದು ಕಮಿಷನ್ ತರ ಹಿಡ್ಕೊಂಡವ್ರೆ, ಆದ್ರೆ ಇದು ನಮ್ಗೇ ವಾಪಸ್ ಬರುತ್ತೆ ಅಲ್ವಾ ಸಾರ್?" ಎಂದ. ಹಾಗಾದರೆ ಇಎಸ್‌ಐ ಹಣ ಯಾಕೆ ವಾಪಸ್ ಬರುವುದಿಲ್ಲ ಎಂಬ ಅವನ ಮುಂದಿನ ಪ್ರಶ್ನೆಗೆ ಉತ್ತರಿಸುವಷ್ಟರಲ್ಲಿ ಪೀರಿಯಡ್ಡಿನ ಗಂಟೆ ಹೊಡೆಯಿತು.