ಸಮುದ್ರ ಆ ಕಡೆ ಇದೆ

ಸಮುದ್ರದ ಪಕ್ಕ, ಗುಡ್ಡದ ಮೇಲೆ ಓಡುವವರ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಕೆಳಗೆ ನೀಲಿ ನೀರು, ಸುತ್ತ ಹಸಿರು ಹುಲ್ಲು, ನಡುವೆ ಒಂದು ಕಾಲುದಾರಿ. ಅದರ ಮೇಲೆ ಒಬ್ಬ ನಗುತ್ತಾ ಓಡುತ್ತಿರುತ್ತಾನೆ. ಬೆವರಿಲ್ಲ, ಏದುಸಿರಿಲ್ಲ. ಕೂದಲು ಕೂಡ ಹೇಳಿದ ಕಡೆಗೇ ಹಾರುತ್ತಿರುತ್ತದೆ. ಅವನು ಅಲ್ಲಿವರೆಗೆ ಕಾರಲ್ಲಿ ಬಂದು, ನಾಲ್ಕು ಹೆಜ್ಜೆ ಓಡಿ, ಮತ್ತೆ ಕಾರು ಹತ್ತಿದ್ದಾನೆ ಅನ್ನುವುದು ನನ್ನ ಬಲವಾದ ಅನುಮಾನ.

ಯಾಕೆಂದರೆ ನಿಜವಾಗಿ ಓಡುವವನಿಗೆ ಅಲ್ಲಿ ಸಮುದ್ರ ಕಾಣುವುದೇ ಇಲ್ಲ. ಕಣ್ಣೆಲ್ಲ ನೆಲದ ಮೇಲೆ. ಮುಂದಿನ ಹೆಜ್ಜೆ ಎಲ್ಲಿಡಬೇಕು, ಆ ಕಲ್ಲು ಅಲ್ಲಾಡುತ್ತದಾ, ಅದು ಮರದ ಬೇರಾ ಇಲ್ಲ ಹಾವಾ? ಪ್ರಪಂಚ ಅಂದರೆ ಅಷ್ಟೇ. ತಲೆ ಎತ್ತಿ ಒಂದು ದೃಶ್ಯ ನೋಡಿದರೆ, ಮುಂದಿನ ದೃಶ್ಯವನ್ನು ಅಂಗಾತ ಬಿದ್ದುಕೊಂಡು ನೋಡಬೇಕಾಗುತ್ತದೆ.

ಹಾಗಾದರೆ ಚಂದದ ದಾರಿ ಯಾಕೆ ಬೇಕು? ನಿಲ್ಲೋದಕ್ಕೆ! ಪೇಟೆಯ ರಸ್ತೆಯಲ್ಲಿ ಓಡುತ್ತಾ ನಿಂತುಬಿಟ್ಟರೆ, ಪಾಪ ಸುಸ್ತಾಗಿದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಕಡಲಂಚಿನ ಗುಡ್ಡದಲ್ಲಿ ನಿಂತರೆ, ಎಂಥಾ ರಸಿಕ ಅಂದುಕೊಳ್ಳುತ್ತಾರೆ. ಎದೆ ಮೇಲೆ ಕೈ ಇಟ್ಟುಕೊಂಡರಂತೂ ಕವಿಯೇ ಇರಬೇಕು ಅಂತ ಲೆಕ್ಕ. ಫೋನ್ ತೆಗೆದು ಫೋಟೋ ಹೊಡೆಯುವ ಹಾಗೆ ಮಾಡಿದರೆ ಇನ್ನೂ ಅರ್ಧ ನಿಮಿಷ ಸಿಗುತ್ತದೆ. ನನ್ನ ಫೋನಿನಲ್ಲಿರುವ ಸಮುದ್ರದ ಫೋಟೋಗಳೆಲ್ಲ ಕಡಿದಾದ ಏರಿನ ಮಧ್ಯದಲ್ಲೇ ತೆಗೆದವು. ಕೈ ನಡುಗಿದ್ದರಿಂದ ಎಲ್ಲದರಲ್ಲೂ ಬಿರುಗಾಳಿ ಬೀಸುತ್ತಿರುವ ಹಾಗಿದೆ.

ಈ ಉಪಾಯ ಎಲ್ಲರ ಹತ್ತಿರ ನಡೆಯುವುದಿಲ್ಲ. ಒಂದು ಏರಿನಲ್ಲಿ ನನ್ನ ಹಿಂದೆ ಕೋಲೂರಿಕೊಂಡು ಬರುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ದಾಟಿದರು. ನಾನು ಓಡುತ್ತಿದ್ದೆ, ಅವರು ನಡೆಯುತ್ತಿದ್ದರು, ಇದನ್ನು ಗಮನಿಸಬೇಕು. ದಾಟಿದವರು ನಿಂತು ತಿರುಗಿ ನೋಡಿದರು.

"ಹುಷಾರಿದ್ದೀಯೇನಪ್ಪಾ?"

"ಹೂಂ ಅಜ್ಜಿ, ಸುಮ್ನೆ... ಸಮುದ್ರ ನೋಡ್ತಾ ನಿಂತೆ."

ಆಗ ನಾನಿದ್ದ ಭಂಗಿ ಹೀಗಿತ್ತು: ಸೊಂಟ ಬಗ್ಗಿಸಿ, ಎರಡೂ ಕೈ ಮಂಡಿ ಮೇಲೆ, ಮೂಗಿನ ತುದಿಯಿಂದ ತೊಟ್ಟಿಕ್ಕುವ ಬೆವರು ಸರಿಯಾಗಿ ಬಲಗಾಲಿನ ಶೂ ಲೇಸಿನ ಗಂಟಿನ ಮೇಲೆ. ಅಜ್ಜಿ ನನ್ನನ್ನೊಮ್ಮೆ, ನನ್ನ ಶೂವನ್ನೊಮ್ಮೆ ನೋಡಿದರು.

"ಸಮುದ್ರ ಆ ಕಡೆ ಇದೆ" ಅಂದು ಹೊರಟೇಬಿಟ್ಟರು.

ಅಜ್ಜಿಯ ಪರವಾಗಿ ವಿಜ್ಞಾನವೂ ಇದೆ. ಏರು ತೀರಾ ಕಡಿದಾದರೆ ಅದೇ ವೇಗದಲ್ಲಿ ಓಡುವುದಕ್ಕಿಂತ ನಡೆಯುವುದಕ್ಕೆ ಕಡಿಮೆ ಶಕ್ತಿ ಸಾಕು. ಬೆಟ್ಟದ ಓಟದ ದೊಡ್ಡ ದೊಡ್ಡ ಸ್ಪರ್ಧಿಗಳೂ ಅಂಥ ಕಡೆ ಮಂಡಿ ಮೇಲೆ ಕೈ ಒತ್ತಿಕೊಂಡು ನಡೆದೇ ಹೋಗುತ್ತಾರೆ. ಅವರು ಮಾಡಿದರೆ ತಂತ್ರ, ನಾನು ಮಾಡಿದರೆ "ಹುಷಾರಿದ್ದೀಯೇನಪ್ಪಾ".

ಇಂಥ ದಾರಿಗಳನ್ನು ಹುಡುಕಿ ಕೊಡುವವನು ನನ್ನ ಗೆಳೆಯ. ಅವನಿಗೆ ಗೊತ್ತಿಲ್ಲದ ವಿಷಯವಿಲ್ಲ. "ಸ್ವಲ್ಪ ಏರಿಳಿತ ಇದೆ ಅಷ್ಟೇ ಕಣೋ, ಎತ್ತರ ಏನಿಲ್ಲ" ಅನ್ನುತ್ತಾನೆ. ಅವನು ಸುಳ್ಳು ಹೇಳುವುದಿಲ್ಲ, ಅದೇ ತೊಂದರೆ. ಕಡಲಂಚಿನ ದಾರಿ ನಿಜವಾಗಲೂ ಎತ್ತರಕ್ಕೆ ಹೋಗುವುದಿಲ್ಲ. ಆದರೆ ಗುಡ್ಡದಿಂದ ಇಳಿದು ಬರುವ ಒಂದೊಂದು ತೊರೆಯೂ ಸಮುದ್ರ ಸೇರುವ ಮುಂಚೆ ನೆಲವನ್ನು ಕೊರೆದುಕೊಂಡು ಹೋಗಿರುತ್ತದೆ. ತೊರೆ ಬಂದಾಗಲೆಲ್ಲ ದಾರಿ ನೀರಿನ ಮಟ್ಟಕ್ಕೆ ಇಳಿಯಬೇಕು, ದಾಟಿ ಮತ್ತೆ ಅಷ್ಟೇ ಹತ್ತಬೇಕು. ಪಕ್ಕದಿಂದ ನೋಡಿದರೆ ಗರಗಸದ ಹಲ್ಲು. ಕಷ್ಟಪಟ್ಟು ಗಳಿಸಿದ ಎತ್ತರವೆಲ್ಲ ಹತ್ತು ನಿಮಿಷದಲ್ಲಿ ಹೊಳೆಪಾಲು.

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಸೌತ್ ವೆಸ್ಟ್ ಕೋಸ್ಟ್ ಪಾತ್ ಅಂತ ಒಂದು ಪ್ರಸಿದ್ಧ ದಾರಿ ಇದೆ. ಉದ್ದ ಸುಮಾರು 1,014 ಕಿಲೋಮೀಟರ್. ಅದರ ಅತಿ ಎತ್ತರದ ಜಾಗ ಗ್ರೇಟ್ ಹ್ಯಾಂಗ್‌ಮನ್ ಅನ್ನುವ ಗುಡ್ಡ, ಬರೀ 318 ಮೀಟರ್. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಆದರೆ ಇಡೀ ದಾರಿಯ ಏರುಗಳನ್ನೆಲ್ಲ ಕೂಡಿಸಿದರೆ ಸುಮಾರು 35,000 ಮೀಟರ್. ಅಂದರೆ ಎವರೆಸ್ಟನ್ನು ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ ನಾಲ್ಕು ಸಲ ಹತ್ತಿದ ಹಾಗೆ. ಎವರೆಸ್ಟ್ ಹತ್ತಿದವರಿಗೆ ಹಾರ, ಸನ್ಮಾನ ಉಂಟು. ಇಲ್ಲಿ ನಾಲ್ಕು ಸಲ ಹತ್ತಿ ಬಂದರೂ "ಬೀಚಿಗೆ ಹೋಗಿದ್ರಾ?" ಅಂತಾರೆ.

ಹೊರಡುವ ಮುಂಚೆ ನಕ್ಷೆ ನೋಡಬಾರದಾ ಅಂತ ನೀವು ಕೇಳಬಹುದು. ನೋಡುತ್ತೇವೆ. ನಕ್ಷೆಯಲ್ಲಿ ಎತ್ತರ ತೋರಿಸುವ ಗೆರೆಗಳು ಸಾಮಾನ್ಯವಾಗಿ 10 ಇಲ್ಲವೇ 20 ಮೀಟರಿಗೊಂದು ಇರುತ್ತವೆ. ಎರಡು ಗೆರೆಗಳ ನಡುವೆ ಒಂಬತ್ತು ಮೀಟರಿನ ದಿಬ್ಬ ಕೂತಿದ್ದರೆ ನಕ್ಷೆಯ ಪ್ರಕಾರ ಅದು ಇಲ್ಲವೇ ಇಲ್ಲ. ಕಾಲಿನ ಪ್ರಕಾರ ಇದೆ. ಇನ್ನು ಸಮಯದ ಲೆಕ್ಕ. 1892ರಲ್ಲಿ ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸೂತ್ರ ಕೊಟ್ಟ. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ನಡೆಯುವವರ ಲೆಕ್ಕ. "ನಾವು ಓಡುವವರಲ್ವಾ, ಅರ್ಧ ಸಮಯ ಸಾಕು" ಅನ್ನುತ್ತಾನೆ ಗೆಳೆಯ. ನೈಸ್ಮಿತ್ ಪುಣ್ಯಾತ್ಮ ಕುರಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಿಲ್ಲ.

ಕಿರಿದಾದ ದಾರಿಯಲ್ಲಿ ಕುರಿಗಳು ಎದುರಾದರೆ ಪಕ್ಕಕ್ಕೆ ಸರಿಯುವುದಿಲ್ಲ. ತಿರುಗಿ, ನಾವು ಹೋಗುವ ದಿಕ್ಕಿಗೇ ಮುಂದೆ ಮುಂದೆ ಓಡುತ್ತವೆ. ನಾವು ನಿಂತರೆ ಅವೂ ನಿಂತು ತಿರುಗಿ ನೋಡುತ್ತವೆ. ಹೊರಟರೆ ಅವೂ ಹೊರಡುತ್ತವೆ. ದೂರದಿಂದ ನೋಡುವ ಕುರಿಯವನಿಗೆ ಇದೇನು ಕಾಣಿಸುತ್ತದೆ ಯೋಚಿಸಿ. ಚಡ್ಡಿ ಹಾಕಿಕೊಂಡ ಇಬ್ಬರು ಅವನ ಇಡೀ ಮಂದೆಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾರೆ! ಅವನು ಕೂಗಿದ್ದು ಪೂರ್ತಿ ಕೇಳಿಸಲಿಲ್ಲ, ಗಾಳಿ ಜಾಸ್ತಿ ಇತ್ತು. ಕೇಳಿಸಿದಷ್ಟನ್ನು ಇಲ್ಲಿ ಬರೆಯುವಂತಿಲ್ಲ.

ಗಾಳಿ ಅಂದೆನಲ್ಲ, ಅದರದ್ದೇ ಬೇರೆ ಕಥೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಅದಕ್ಕೆ ಬೆಳಗಿನ ಜಾವ ಗಾಳಿ ನೆಲದಿಂದ ಸಮುದ್ರದ ಕಡೆ ಬೀಸುತ್ತದೆ. ಬಿಸಿಲೇರಿದ ಮೇಲೆ ನೆಲ ಬೇಗ ಕಾಯುತ್ತದೆ, ಬಿಸಿ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಸಮುದ್ರದ ಗಾಳಿ ನುಗ್ಗುತ್ತದೆ. ಶಾಲೆಯಲ್ಲಿ ಓದುವಾಗ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಆದರೆ ದಡದಿಂದ ನಸುಕಿನಲ್ಲಿ ಹೊರಟು, ಒಳನಾಡಿನ ಗುಡ್ಡ ಹತ್ತಿ, ಬಿಸಿಲೇರಿದ ಮೇಲೆ ವಾಪಸ್ ಬಂದು ನೋಡಿ. ಹೋಗುವಾಗಲೂ ಗಾಳಿ ಮುಖಕ್ಕೆ, ಬರುವಾಗಲೂ ಮುಖಕ್ಕೆ. "ವಾಪಸ್ ಬರುವಾಗ ಗಾಳಿ ನಮ್ಮನ್ನ ತಳ್ಳುತ್ತೆ" ಅಂತ ಭರವಸೆ ಕೊಟ್ಟಿದ್ದ ಗೆಳೆಯ ಆಮೇಲೆ ಆ ಮಾತನ್ನೇ ಎತ್ತಲಿಲ್ಲ.

ಅವನ ಮಾನ ಹೋದದ್ದು ಮರಳಿನ ಮೇಲೆ. ನೀರು ಇಳಿದಾಗ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಬರಿಗಾಲಲ್ಲಿ ಓಡೋಕೆ ಸುಖ. ಶೂಗಳನ್ನು ಬಂಡೆಯೊಂದರ ಮೇಲೆ ಬಿಟ್ಟು ಹೋಗೋಣ ಅಂದ. ನಾನು ಲೇಸು ಕಟ್ಟಿ ಕತ್ತಿಗೆ ನೇತುಹಾಕಿಕೊಂಡೆ. ದುಡ್ಡು ಕೊಟ್ಟು ತಂದದ್ದು ನೋಡಿ. ಓಡುತ್ತಾ ಅವನು ಉಬ್ಬರದ ಪಾಠ ಶುರು ಮಾಡಿದ. ನೀರು ಏರಲು ಸುಮಾರು 6 ಗಂಟೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ನಾವಿಕರ ಹಳೆಯ ಅಂದಾಜು ಇದು.

"ಅಂದ್ರೆ ಮಧ್ಯದ ಎರಡೇ ಗಂಟೆಯಲ್ಲಿ ಅರ್ಧ ನೀರು ಬಂದ್ಬಿಡುತ್ತೆ, ಗೊತ್ತಾ?" ಅಂದ.

"ಈಗ ಎಷ್ಟನೇ ಗಂಟೆ?" ಅಂದೆ.

ಪಾಠ ನಿಂತಿತು. ತಿರುಗಿ ಬರುವಷ್ಟರಲ್ಲಿ ಬಂಡೆ ಇರಲಿಲ್ಲ. ಬಂಡೆ ಇದ್ದ ಜಾಗದಲ್ಲಿ ಅವನ ಎಡಗಾಲಿನ ಶೂ ತೇಲುತ್ತಾ, ಅಲೆ ಬಂದಾಗ ಹತ್ತಿರ ಬರುತ್ತಾ, ಹಿಡಿಯೋಕೆ ಹೋದರೆ ದೂರ ಹೋಗುತ್ತಾ ಆಟವಾಡಿಸುತ್ತಿತ್ತು. ಬಲಗಾಲಿನದು ಕೊನೆಗೂ ಸಿಗಲಿಲ್ಲ. ಬಂದ ದಾರಿಯೂ ನೀರಿನಡಿ ಹೋಗಿದ್ದರಿಂದ ಮುಳ್ಳುಪೊದೆ ಹಿಡಿದು ಗುಡ್ಡ ಹತ್ತಬೇಕಾಯಿತು. ಒಂದೇ ಶೂ ಹಾಕಿಕೊಂಡವನ ಹಿಂದೆ ಗುಡ್ಡ ಹತ್ತುವಾಗ ನಗು ತಡೆಯುವುದು ಏರಿಗಿಂತ ಕಷ್ಟ.

ಮೇಲೆ ಹತ್ತಿ ನನ್ನ ವಾಚ್ ನೋಡಿಕೊಂಡೆ. ಇಂಥ ವಾಚುಗಳು ಗಾಳಿಯ ಒತ್ತಡ ಅಳೆದು ಎತ್ತರ ಹೇಳುತ್ತವೆ. ಹವಾಮಾನ ಬದಲಾಗಿ ಒತ್ತಡ ಒಂದು ಹೆಕ್ಟೋಪಾಸ್ಕಲ್ ಏರಿದರೂ ಸುಮಾರು 8 ಮೀಟರ್ ಕೆಳಗಿದ್ದೇವೆ ಅಂದುಕೊಳ್ಳುತ್ತವೆ. ಕೆಳಗೆ ಅಲೆ ಬಡಿಯುವುದು ಕಾಣುತ್ತಿತ್ತು, ವಾಚಿನಲ್ಲಿ ಮೈನಸ್ ಹನ್ನೆರಡು.

"ನಾವಿನ್ನೂ ನೀರೊಳಗೇ ಇದ್ದೀವಿ ಕಣೋ" ಅಂದೆ.

"ಹಾಗಾದ್ರೆ ನನ್ನ ಶೂ ಎಲ್ಲಾದರೂ ಕಾಣುತ್ತಾ ನೋಡು" ಅಂದ.

ಆವತ್ತು ಏನೂ ನೋವಿರಲಿಲ್ಲ. ಇಳಿಯುವಾಗ ತೊಡೆಯ ಸ್ನಾಯು ಭಾರ ಹೊರುತ್ತಲೇ ಹಿಗ್ಗಬೇಕು. ಪೆಟ್ಟು ಬೀಳುವುದು ಆಗಲೇ, ಬಿಲ್ಲು ಬರುವುದು ಮಾತ್ರ ಒಂದೆರಡು ದಿನ ತಡವಾಗಿ. ಮರುದಿನ ಮನೆಯ ಮೆಟ್ಟಿಲನ್ನು ನಾನು ಹಿಮ್ಮುಖವಾಗಿ, ಎರಡೂ ಕೈಯಲ್ಲಿ ಕಂಬಿ ಹಿಡಿದು ಇಳಿಯುತ್ತಿದ್ದಾಗ ಗೆಳೆಯನ ಫೋನ್ ಬಂತು. ಹೊಸ ದಾರಿ ಸಿಕ್ಕಿದೆಯಂತೆ. ಮೂರು ಕಡೆ ಸಮುದ್ರವಂತೆ, ಸೂರ್ಯ ಹುಟ್ಟುವುದನ್ನು ಕಣ್ತುಂಬ ನೋಡಬಹುದಂತೆ.

"ಅದೆಲ್ಲ ಇರಲಿ, ಏರಿನಲ್ಲಿ ಕೂರೋಕೆ ಬೆಂಚ್ ಇದೆಯಾ?"

"ಒಂದಿದೆ. ಆದ್ರೆ ಅದ್ಯಾಕೋ ಗುಡ್ಡದ ಕಡೆ ಮುಖ ಮಾಡಿ ಹಾಕಿದ್ದಾರೆ, ಅಲ್ಲಿಂದ ಏನೂ ಕಾಣಲ್ಲ."

"ಪರವಾಗಿಲ್ಲ ಬಿಡು" ಅಂದೆ. "ಎಷ್ಟು ಹೊತ್ತಿಗೆ ಹೊರಡೋಣ?"