ಸುಯೆಜ್‌ನ ಹಡಗು, ಬೇಲೇಕೇರಿಯ ಮಾವ

2021ರ ಮಾರ್ಚ್ 23ರಂದು ‘ಎವರ್ ಗಿವನ್’ ಎಂಬ ದೊಡ್ಡ ಕಂಟೇನರ್ ಹಡಗು ಈಜಿಪ್ಟಿನ ಸುಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡಿತಲ್ಲ, ಆಗ ನಾನು ದುಬೈನ ಜೆಬೆಲ್ ಅಲಿ ಬಂದರಿನಲ್ಲಿ ಸರಕಿನ ಕಸ್ಟಮ್ಸ್ ಕೆಲಸ ನೋಡುವ ಒಂದು ಕ್ಲಿಯರಿಂಗ್ ಆಫೀಸಿನಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ. ಪಕ್ಕದ ಮೇಜಿನವನು ಈಜಿಪ್ಟಿನವನು, ಎದುರಿನವನು ಇಂಗ್ಲೆಂಡಿನವನು, ನಾನು ಅಂಕೋಲೆ ತಾಲ್ಲೂಕಿನ ಬೇಲೇಕೇರಿಯವನು. ಆರು ದಿನ ಮೂವರ ಫೋನಿನಲ್ಲೂ ಒಂದೇ ಫೋಟೊ. ಸುದ್ದಿ ಮಾತ್ರ ಮೂರು ಥರ.

ಅದಕ್ಕೆ ಕಾರಣವೂ ಇತ್ತು ಅನ್ನಿ. ಹಡಗಿನ ಮಾಲೀಕರು ಜಪಾನಿನವರು, ಓಡಿಸುವ ಕಂಪನಿ ತೈವಾನಿನದು, ಬಾವುಟ ಪನಾಮಾದ್ದು, ಬಿಡಿಸಲು ಬಂದವರಲ್ಲಿ ಡಚ್ಚರಿದ್ದರು, ಒಳಗಿದ್ದ 25 ಜನ ಸಿಬ್ಬಂದಿ ನಮ್ಮ ಭಾರತದವರು. ಇಷ್ಟು ಜನರ ಪಾಲಿದ್ದ ಮೇಲೆ ಎಲ್ಲರೂ ಒಂದೇ ರೀತಿ ಬರೆಯುವುದು ಹೇಗೆ?

ಇಂಗ್ಲೆಂಡಿನವನ ಸುದ್ದಿಯಲ್ಲಿ ಬರೀ ದುಡ್ಡು. ದಿನಕ್ಕೆ 960 ಕೋಟಿ ಡಾಲರ್ ಸರಕು ನಿಂತಿದೆ ಎಂದು ಲಂಡನ್ನಿನ ಹಡಗು ಸುದ್ದಿ ಪತ್ರಿಕೆ ‘ಲಾಯ್ಡ್ಸ್ ಲಿಸ್ಟ್’ ಹಾಕಿದ ಲೆಕ್ಕ ಎಲ್ಲ ಕಡೆ ಓಡಾಡಿತು. ಅದು ತಡೆದು ನಿಂತ ಸರಕಿನ ಬೆಲೆ. ಆದರೆ ಸುದ್ದಿ ಕೈಯಿಂದ ಕೈಗೆ ಹೋಗುತ್ತಾ ‘ದಿನಕ್ಕೆ ಇಷ್ಟು ನಷ್ಟ’ ಅಂತಾಯಿತು. ನಿಂತ ಸರಕು ನಾಳೆ ಹೋಗುತ್ತದೆ, ನಷ್ಟ ಬೇರೆ. ನಮ್ಮ ಆಫೀಸಿನಲ್ಲೇ ಇದನ್ನು ತಿಳಿಸಿ ಹೇಳಲು ನನಗೆ ಸಾಕಾಯಿತು. ಕಾಲುವೆ ಪ್ರಾಧಿಕಾರ ಹೇಳಿದ ತನ್ನ ಸ್ವಂತ ನಷ್ಟ ದಿನಕ್ಕೆ ಸುಮಾರು ಒಂದೂವರೆ ಕೋಟಿ ಡಾಲರ್.

ಈಜಿಪ್ಟಿನ ಗೆಳೆಯ ತೋರಿಸಿದ ಸುದ್ದಿಗಳಲ್ಲಿ ಟಗ್ ಬೋಟುಗಳು, ‘ಮಶ್ಹೂರ್’ ಎಂಬ ಹೂಳೆತ್ತುವ ಹಡಗು, ರಾತ್ರಿಯೆಲ್ಲ ಮರಳು ತೆಗೆದ ಕೆಲಸಗಾರರು. ಡಚ್ಚರ ಹೆಸರನ್ನು ಹುಡುಕಬೇಕಿತ್ತು. 29ಕ್ಕೆ ಹಡಗು ತೇಲಿದಾಗ ‘ಈಜಿಪ್ಟಿನವರು ಗೆದ್ದರು’ ಎಂಬ ಅರ್ಥದಲ್ಲೇ ಅಧ್ಯಕ್ಷ ಸಿಸಿ ಬರೆದರು. ನನ್ನ ಫೋನಿನ ಭಾರತದ ಚಾನೆಲ್ಲುಗಳಿಗೆ ಇದ್ದದ್ದು ಒಂದೇ ಪ್ರಶ್ನೆ: ನಮ್ಮ 25 ಜನರ ತಪ್ಪಾ, ಅಲ್ಲವಾ? ಹಡಗಿನಲ್ಲಿ ಕಾಲುವೆಯ ಪೈಲಟ್‌ಗಳೂ (ಹಡಗಿಗೆ ದಾರಿ ತೋರಿಸುವವರು) ಇದ್ದರು ಎಂಬುದು ಕೆಳಗೆಲ್ಲೋ ಒಂದು ಸಾಲು.

ಹೀಗೆ ಒಬ್ಬೊಬ್ಬರು ಒಂದೊಂದು ಥರ ಬರೆದದ್ದನ್ನು ಸುಳ್ಳು ಅಂತ ನಾನು ಹೇಳುವುದಿಲ್ಲ. 2010ರಲ್ಲಿ ನಮ್ಮೂರ ಬಂದರಿನಿಂದ ವಶಪಡಿಸಿಕೊಂಡ ಕಬ್ಬಿಣದ ಅದಿರು ಮಾಯವಾದಾಗ ಬೆಂಗಳೂರಿಗೆ ಅದು ರಾಜಕೀಯ, ನಮಗೆ ಮನೆ ಮಾಡಿನ ಮೇಲಿನ ಕೆಂಪು ಧೂಳು. ಎರಡೂ ನಿಜವೇ.

ಊರಲ್ಲಿ ನಮ್ಮ ಮಾವ ಸುದ್ದಿ ಓದುವ ರೀತಿಯೇ ಬೇರೆ. ಮೊದಲು ತಾಂಡೇಲ, ಅಂದರೆ ಮೀನಿನ ಬೋಟು ನಡೆಸುವ ಮುಖ್ಯಸ್ಥ, ಆಗಿದ್ದವರು. ದಿನಕ್ಕೆ ಒಂದೇ ಪೇಪರು, ಅದೂ ಅಂಗಡಿ ಕಟ್ಟೆ ಮೇಲೆ ನಾಲ್ಕು ಕೈ ದಾಟಿ ಮಧ್ಯಾಹ್ನಕ್ಕೆ ಸಿಗುವುದು. ಆದರೆ ಕೊನೇ ಸಾಲಿನ ತನಕ ಓದುತ್ತಾರೆ. ನಾನು ಫೋನ್ ಮಾಡಿ ಡಾಲರ್ ಲೆಕ್ಕ ಹೇಳುತ್ತಿದ್ದರೆ ಅವರು ಕೇಳಿದ್ದು, “ತಮಾ, ಹುಣ್ಣಿಮೆ ಯಾವತ್ತು?”

28ಕ್ಕೆ, ಹೋಳಿ ಹುಣ್ಣಿಮೆ. ಸುಗ್ಗಿ ಕುಣಿತದ ದಿನಗಳು, ನನಗೆ ಅದೂ ಮರೆತುಹೋಗಿತ್ತು.

“ಹಂಗಾರೆ ಅಲ್ಲಿ ತನಕ ಸುಮ್ನೆ ಎಳೆದಾಡ್ತಾರೆ. ಭರತ ಏರದೆ ಅದು ಅಲುಗೂದಿಲ್ಲ. ಅಳಿವೆಯಲ್ಲಿ ಬೋಟು ಸಿಕ್ಕಿಬಿದ್ದದ್ದು ನೋಡಿದವರಿಗೆ ಗೊತ್ತು.”

ಹುಣ್ಣಿಮೆಯ ಭರತಕ್ಕೇ, ಅಂದರೆ ಸಮುದ್ರದ ಉಬ್ಬರಕ್ಕೇ, ಹಡಗು ಎದ್ದಿತು. ಪೇಪರುಗಳಲ್ಲೂ ಇದನ್ನು ಮೊದಲೇ ಬರೆದಿದ್ದರು, ನಾನು ಅಷ್ಟು ಕೆಳಗಿನ ತನಕ ಓದಿರಲಿಲ್ಲ ಅಷ್ಟೇ.

ಹಾಗಂತ ಮಾವನ ದಾರಿಯೇ ಸರಿ ಅನ್ನಬೇಡಿ. ಎರಡು ದಿನದಲ್ಲಿ ಅವರಿಂದಲೇ ಒಂದು ವಾಟ್ಸಾಪ್ ಬಂತು: ಹಡಗು ಸಿಕ್ಕಿಬೀಳಲು ಈಜಿಪ್ಟಿನ ಮೊದಲ ಮಹಿಳಾ ಕ್ಯಾಪ್ಟನ್ ಮರ್ವಾ ಎಲ್ಸೆಲೆಹ್ದಾರ್ ಕಾರಣ ಅಂತ. ಪಾಪ, ಆ ಹೊತ್ತಿಗೆ ಅವರು ಅಲೆಕ್ಸಾಂಡ್ರಿಯಾದಲ್ಲಿ ಬೇರೆ ಹಡಗಿನಲ್ಲಿದ್ದರು. ಯಾರೋ ಸೌದಿಯ ಒಂದು ಪತ್ರಿಕೆಯದೆಂದು ನಕಲಿ ತಲೆಬರಹ ಮಾಡಿ ಹರಿಬಿಟ್ಟಿದ್ದರು. ನಾನು ರೇಗಿದರೆ ಮಾವ, “ಪೇಪರಿನಲ್ಲೇ ಬಂದದೆಯಲ್ಲೋ” ಅಂದರು. ಅಚ್ಚಾದದ್ದೆಲ್ಲ ನಿಜ ಎಂಬ ಹಳೆ ನಂಬಿಕೆ, ಫೋನಿಗೂ ಹಾಗೇ ದಾಟಿದೆ.

ಹಡಗು ತೇಲಿದ ಮರುದಿನದಿಂದ ನಮ್ಮ ಆಫೀಸಿನಲ್ಲಿ ಅದರ ಮಾತೇ ನಿಂತಿತು. ಆದರೆ ಹಡಗು ಎಲ್ಲಿಗೂ ಹೋಗಿರಲಿಲ್ಲ. ಕಾಲುವೆ ಪ್ರಾಧಿಕಾರ ಪರಿಹಾರವಾಗಿ ಮೊದಲು 91.6 ಕೋಟಿ ಡಾಲರ್ ಕೇಳಿ, ಆಮೇಲೆ 55 ಕೋಟಿಗೆ ಇಳಿದು, ಹಡಗನ್ನು ಕಾಲುವೆಯ ನಡುವಿನ ಗ್ರೇಟ್ ಬಿಟರ್ ಸರೋವರದಲ್ಲಿ ನಿಲ್ಲಿಸಿಕೊಂಡಿತ್ತು. ಮೇ ತಿಂಗಳಲ್ಲಿ ಮಾವ ಕೇಳಿದರು, “ಆ ಹುಡುಗರು ಮನೆಗೆ ಬಂದ್ರನೋ?” ನನ್ನ ಫೋನಿನ ಐದು ಆ್ಯಪ್‌ಗಳಲ್ಲಿ ಒಂದೂ ತಾನಾಗಿ ಅದನ್ನು ಹೇಳಿರಲಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕಿತು: ಕೆಲವರನ್ನು ಮಾತ್ರ ಕಳಿಸಿದ್ದರು.

ಜುಲೈ 7ಕ್ಕೆ ಹಡಗು ಬಿಟ್ಟರು. ಊರಲ್ಲಿ ಮಳೆಗಾಲ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧದ ಸಮಯ. ಬಲೆ ರಿಪೇರಿಗೆ ಕೂತಿದ್ದ ಮಾವನಿಗೆ ಫೋನ್ ಮಾಡಿದೆ.

“ಕಡೆಗೆ ಎಷ್ಟಕ್ಕೆ ಮುಗೀತು?”

ಮೂರು ಮೇಜಿನ ಸುದ್ದಿಯನ್ನೂ ನೋಡಿದೆ. ಅದೊಂದರಲ್ಲಿ ಲಂಡನ್ನಿನವರು, ಕೈರೋದವರು, ದಿಲ್ಲಿಯವರು ಎಲ್ಲರೂ ಒಂದೇ ಮಾತು ಬರೆದಿದ್ದರು: ಮೊತ್ತ ಗುಟ್ಟು.