ಸತ್ಯಾಂಶ: ಅಮೆರಿಕದಲ್ಲಿ ಆಸ್ತಿಯ ಅಂತರ ಮುಗಿದೇ ಹೋಯಿತೇ?

ವಾಟ್ಸಾಪ್‌ನಲ್ಲಿ ಹೀಗೊಂದು ಮಾತು ಬರುತ್ತಿರುತ್ತದೆ: "1964ರ ನಾಗರಿಕ ಹಕ್ಕು ಕಾಯ್ದೆ ಬಂದ ಮೇಲೆ ಅಮೆರಿಕದಲ್ಲಿ ಬಿಳಿಯರೂ ಕಪ್ಪು ಜನರೂ ಸಮಾನರು. ಈಗಲೂ ಕಪ್ಪು ಜನರ ಹತ್ತಿರ ಆಸ್ತಿ ಇಲ್ಲದಿದ್ದರೆ ಅದು ದುಂದುವೆಚ್ಚದ ಫಲ."

ಕಾಯ್ದೆ ಬಂದದ್ದು ನಿಜ. ಉಳಿದದ್ದು ಲೆಕ್ಕಕ್ಕೆ ನಿಲ್ಲುವುದಿಲ್ಲ.

ಬಿಳಿಯ ಕುಟುಂಬಗಳನ್ನೂ ಕಪ್ಪು ಕುಟುಂಬಗಳನ್ನೂ ಬೇರೆ ಬೇರೆಯಾಗಿ ಬಡವರಿಂದ ಸಿರಿವಂತರವರೆಗೆ ಸಾಲಾಗಿ ನಿಲ್ಲಿಸಿ, ಪ್ರತಿ ಸಾಲಿನ ನಟ್ಟನಡುವಿನ ಮನೆಯನ್ನು ನೋಡೋಣ. ಅಲ್ಲಿನ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯಂತೆ, ಸಾಲ ಕಳೆದು ಉಳಿಯುವ ಆಸ್ತಿ ಬಿಳಿಯ ಕುಟುಂಬಕ್ಕೆ ಸುಮಾರು 2,85,000 ಡಾಲರ್. ಕಪ್ಪು ಕುಟುಂಬಕ್ಕೆ ಸುಮಾರು 44,900. ಆರು ಪಟ್ಟಿಗೂ ಜಾಸ್ತಿ ವ್ಯತ್ಯಾಸ! 2019ಕ್ಕೆ ಹೋಲಿಸಿದರೆ ಈ ಪಟ್ಟು ಸ್ವಲ್ಪ ಇಳಿದಿದೆ, ಆದರೆ ಡಾಲರ್ ಲೆಕ್ಕದಲ್ಲಿ ಅಂತರ ಬೆಳೆದಿದೆ. ಎರಡೂ ಒಟ್ಟಿಗೇ ನಿಜವಾಗಬಹುದು, ಗೊಂದಲ ಶುರುವಾಗುವುದು ಇಲ್ಲೇ.

ದುಂದುವೆಚ್ಚದ ಮಾತಿಗೆ ಬರೋಣ. ಸಂಬಳ ತಿಂಗಳ ಮಾತು, ಆಸ್ತಿ ತಲೆಮಾರುಗಳ ಮಾತು. ಅಜ್ಜ ಕೊಂಡ ಮನೆ ಮೊಮ್ಮಗಳ ಕಾಲೇಜು ಫೀಸಾಗುತ್ತದೆ, ಅಲ್ವಾ? ಆ ಮನೆ ಕೊಳ್ಳುವ ದಾರಿಯೇ ಕಪ್ಪು ಜನರಿಗೆ ಬಹುಮಟ್ಟಿಗೆ ಮುಚ್ಚಿತ್ತು. 1930ರ ದಶಕದಲ್ಲಿ ಸರ್ಕಾರದ ಸಂಸ್ಥೆಯೊಂದು ನಗರಗಳ ನಕ್ಷೆ ಮಾಡಿಸಿ, ಸಾಲಕ್ಕೆ ಅಪಾಯಕಾರಿ ಎಂದು ಕೆಲವು ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಸಿತು. ಕಪ್ಪು ಜನರಿದ್ದ ಬಡಾವಣೆಗಳೆಲ್ಲ ಬಹುತೇಕ ಕೆಂಪಾದವು. ಗೃಹಸಾಲಕ್ಕೆ ಸರ್ಕಾರ ಕೊಡುತ್ತಿದ್ದ ವಿಮೆಯೂ ಅವರಿಗೆ ಸಿಕ್ಕಿದ್ದು ಅಪರೂಪ. ಮನೆ ಮಾರಾಟ, ಬಾಡಿಗೆ, ಸಾಲದಲ್ಲಿ ಭೇದ ಮಾಡಬಾರದೆಂಬ ಕಾಯ್ದೆ ಬಂದದ್ದು 1968ರಲ್ಲಿ. ಅಷ್ಟರಲ್ಲಿ ಬಿಳಿಯರ ಉಪನಗರದ ಮನೆಗಳ ಬೆಲೆ ಎಷ್ಟೋ ಏರಿಯಾಗಿತ್ತು.